ನಮ್ಮ ಬಡಾವಣೆಯ ಕೆರೆ ಏರಿಯನ್ನು ಪರೀಕ್ಷಿಸಿದವರಿಗೆ ಐದಕ್ಕೆ ನಾಲ್ಕು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕೆ, ಫೋರ್ಸೈತ್ ಕೌಂಟಿಯ ಸುತ್ತಮುತ್ತ, ಕೆರೆ ದಂಡೆಯ ಮನೆ ಹುಡುಕುವ ಕನ್ನಡದ ಕುಟುಂಬಗಳಿಗಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಮನೆ ತೋರಿಸುವ ಏಜೆಂಟ್ ನೀರು ತೋರಿಸುತ್ತಾರೆ, ಬಾತುಕೋಳಿ ತೋರಿಸುತ್ತಾರೆ, ಸೂರ್ಯಾಸ್ತದ ಹೊತ್ತಿಗೆ ಸರಿಯಾಗಿ ಕರೆದುಕೊಂಡು ಬರುತ್ತಾರೆ. ಆ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಏರಿ ಯಾರ ಸ್ವತ್ತು, ಅದನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬರುವುದೇ ಇಲ್ಲ. ನಮ್ಮ ಬಡಾವಣೆಯಲ್ಲಿ ಅದು 64 ಮನೆಗಳ ನಿವಾಸಿಗಳ ಸಂಘದ ಖಾಸಗಿ ಸ್ವತ್ತು. ಅಂದರೆ ಮನೆಯ ಜೊತೆಗೆ ಒಂದು ಅಣೆಕಟ್ಟಿನ ಅರವತ್ತನಾಲ್ಕನೇ ಒಂದು ಪಾಲನ್ನೂ ನಾವು ಕೊಂಡಿದ್ದೇವೆ. ನಾನು ಸಂಘದ ಖಜಾಂಚಿ. ಏರಿಯ ತಪಾಸಣೆಗೆ ಕರಾರು ಮಾಡಿಸಿದವಳು, ಬಿಲ್ ಪಾವತಿಸಿದವಳು, ವರದಿಯನ್ನು ಕೊನೆಯ ಪುಟದವರೆಗೆ ಓದಿದವಳು ನಾನೇ.

ನಾನು ಅಂಕ ಕೊಡುತ್ತಿರುವುದು ಇಬ್ಬರೇ ಎಂಜಿನಿಯರ್‌ಗಳಿರುವ ಒಂದು ಸಣ್ಣ ಸಂಸ್ಥೆಯ ಸೇವೆಗೆ. ಹೆಸರು ಬರೆಯುವುದಿಲ್ಲ. ಮೆಚ್ಚುಗೆಯ ಜೊತೆ ದೂರುಗಳೂ ಇವೆ, ಅವರೊಂದಿಗಿನ ಕೆಲಸ ಇನ್ನೂ ಮುಗಿದಿಲ್ಲ. ನೀವು ಬೇರೆ ಯಾರನ್ನು ಕರೆಸಿದರೂ ಅವರ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗಲಿ ಎಂದು ವಿವರವಾಗಿ ಬರೆಯುತ್ತೇನೆ.

ಮೊದಲು ನಮ್ಮ ಏರಿಯ ಬಗ್ಗೆ. ಎತ್ತರ 28 ಅಡಿ, ಉದ್ದ ಸುಮಾರು 400 ಅಡಿ, ಇಲ್ಲಿನ ಕೆಂಪು ಜೇಡಿಮಣ್ಣಿನದು. 1960ರ ದಶಕದಲ್ಲಿ ದನ ಸಾಕುತ್ತಿದ್ದ ರೈತರೊಬ್ಬರು ಕಟ್ಟಿಸಿದ್ದು; ಆಮೇಲೆ ಆ ಜಮೀನಿನಲ್ಲಿ ಬಡಾವಣೆ ಮಾಡಿದ ಬಿಲ್ಡರ್ ಮನೆಗಳನ್ನು ಮಾರಿ, ಕೆರೆಯನ್ನೂ ಏರಿಯನ್ನೂ ಸಂಘದ ಹೆಸರಿಗೆ ಬರೆದು ಹೋದರು. ಏರಿಯ ನೆತ್ತಿಯವರೆಗೆ ನೀರು ತುಂಬಿದರೆ ಸುಮಾರು 130 ಎಕರೆ-ಅಡಿ. ಎಕರೆ-ಅಡಿ ಎಂದರೆ ಒಂದು ಎಕರೆಯ ಮೇಲೆ ಒಂದು ಅಡಿ ನಿಂತ ನೀರು, 12 ಲಕ್ಷ ಲೀಟರಿಗೂ ಹೆಚ್ಚು. ಹಾಗಾಗಿ ನಾವು ಹಿತ್ತಲಿನಲ್ಲಿ ಕುಳಿತು ನೋಡುವ ಈ ಪುಟ್ಟ ಕೆರೆಯಲ್ಲಿ 16 ಕೋಟಿ ಲೀಟರ್ ನೀರು ನಿಲ್ಲಬಹುದು.

ಜಾರ್ಜಿಯಾ ರಾಜ್ಯದ ಕಾನೂನು 25 ಅಡಿ ಎತ್ತರ ಅಥವಾ 100 ಎಕರೆ-ಅಡಿ ಸಂಗ್ರಹವನ್ನು ಮುಟ್ಟಿದ ಕಟ್ಟೆಗಳನ್ನು ಗಮನಿಸುತ್ತದೆ. ಅವುಗಳಿಗೆ ಎರಡೇ ವರ್ಗ. ಒಡೆದರೆ ಮನುಷ್ಯರ ಪ್ರಾಣ ಹೋಗುವ ಸಂಭವವಿದ್ದರೆ ಕೆಟಗರಿ 1. ಇಲ್ಲವಾದರೆ ಕೆಟಗರಿ 2. ಬಹುಪಾಲು ರಾಜ್ಯಗಳಲ್ಲಿ ಕಡಿಮೆ, ಗಣನೀಯ, ಅಧಿಕ ಎಂದು ಮೂರು ಹಂತಗಳಿರುತ್ತವೆ. ಎಲ್ಲ ಕಡೆಯೂ ತತ್ವ ಒಂದೇ: ಏರಿಯ ಕೆಳಗೆ ಏನಿದೆ, ಯಾರಿದ್ದಾರೆ ಎಂಬುದನ್ನು ನೋಡಿ ವರ್ಗ ನಿರ್ಧರಿಸುತ್ತಾರೆ. ಏರಿ ಗಟ್ಟಿಯಾಗಿದೆಯೇ, ಸೋರುತ್ತಿದೆಯೇ ಎಂಬುದು ಬೇರೆಯೇ ಪರೀಕ್ಷೆ. ನಿನ್ನೆ ಕಟ್ಟಿದ ಅತ್ಯುತ್ತಮ ಏರಿಯೂ ಊರಿನ ಮೇಲಿದ್ದರೆ ಕೆಟಗರಿ 1. ಇಲಿ ಹೆಗ್ಗಣ ತೋಡಿದ ಹಳೆಯ ಕಟ್ಟೆ ಕಾಡಿನೊಳಗಿದ್ದರೆ ಕೆಟಗರಿ 2. ನಮ್ಮ ಸಂಘದ ಸಭೆಗಳಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಈ ಒಂದು ವ್ಯತ್ಯಾಸ. ರಾಜ್ಯದಿಂದ ಪತ್ರ ಬಂದಾಗ ಅರ್ಧ ಜನ ಏರಿ ನಾಳೆಯೇ ಕುಸಿಯುತ್ತದೆ ಎಂದು ಹೆದರಿದರು. ಇನ್ನರ್ಧ ಜನ ನಮ್ಮ ಏರಿಗೆ ಏನೂ ಆಗಿಲ್ಲ, ಇದು ಸರ್ಕಾರದ ಕಿರುಕುಳ ಎಂದು ಸಿಟ್ಟಾದರು.

ನಡೆದದ್ದು ಇಷ್ಟು. ನಮ್ಮ ಏರಿ ಹಿಂದಿನಿಂದಲೂ ಕೆಟಗರಿ 2. ಕೆಳಗಿನ ತೊರೆಯ ಪಕ್ಕದಲ್ಲಿ ಹಿಂದೆ ಹುಲ್ಲುಗಾವಲಿತ್ತು. ಈಗ ಅಲ್ಲಿ ಹೊಸ ಮನೆಗಳ ಒಂದು ಸಾಲು ಬಂದಿದೆ. ಏರಿಯ ಒಂದು ಹಿಡಿ ಮಣ್ಣೂ ಕದಲಲಿಲ್ಲ, ಆದರೂ ಕೆಟಗರಿ 1ಕ್ಕೆ ಏರಿಸಬೇಕಾಗಬಹುದು, ಅಧ್ಯಯನ ಮಾಡಿಸಿ ಎಂದು ಪತ್ರ ಬಂತು. ಕೆಟಗರಿ 1 ಆದರೆ ಪರವಾನಗಿ ಬೇಕು, ತುರ್ತು ಕಾರ್ಯಯೋಜನೆ ಬೇಕು, ರಾಜ್ಯ ಒಪ್ಪಿದ ಪಟ್ಟಿಯಲ್ಲಿರುವ ಎಂಜಿನಿಯರ್ ಒಬ್ಬರು ಬೇಕು. ಪರವಾನಗಿ ಇರುವ ಯಾವ ಸಿವಿಲ್ ಎಂಜಿನಿಯರ್ ಆದರೂ ಸಾಲದು, ಅಣೆಕಟ್ಟಿನ ಕೆಲಸದ ಅನುಭವ ತೋರಿಸಿ ಆ ಪಟ್ಟಿಗೆ ಸೇರಿರಬೇಕು. ನೀವು ಯಾರನ್ನಾದರೂ ಕರೆಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಿಂದ ಈಶಾನ್ಯಕ್ಕೆ, ಕಾರಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು ದೂರದಲ್ಲಿ, ಟೊಕೋವಾ ಎಂಬ ಊರಿದೆ. ಅಲ್ಲಿನ ಜಲಪಾತದ ಮೇಲ್ಭಾಗದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಖಾಸಗಿ ಮಣ್ಣಿನ ಕಟ್ಟೆಯಿತ್ತು. ಒಂದು ಕಾಲದಲ್ಲಿ ವಿದ್ಯುತ್ತಿಗಾಗಿ ಕಟ್ಟಿ, ಮೇಲೆ ಮಣ್ಣು ಹೇರುತ್ತ ಹೇರುತ್ತ ಎತ್ತರಿಸಿ, ಕೊನೆಗೆ ಬರೀ ವಿಹಾರಕ್ಕೆ ಉಳಿಸಿಕೊಂಡದ್ದು. 1977ರ ನವೆಂಬರ್ 6ರ ನಸುಕಿಗೂ ಮುಂಚೆ, ಮಳೆಯ ರಾತ್ರಿಯಲ್ಲಿ, ಅದು ಒಡೆದು ಕೆಳಗಿನ ಬೈಬಲ್ ಕಾಲೇಜಿನ ಆವರಣಕ್ಕೆ ನುಗ್ಗಿತು. 39 ಜನ ಸತ್ತರು, ಅವರಲ್ಲಿ ಮಕ್ಕಳೇ ಬಹಳ. ಆ ಕಟ್ಟೆಯ ಎತ್ತರ ಸುಮಾರು 38 ಅಡಿ, ನಮ್ಮದಕ್ಕಿಂತ ಹತ್ತು ಅಡಿ ಹೆಚ್ಚು, ಅಷ್ಟೇ. ಮರುವರ್ಷ, 1978ರಲ್ಲಿ, ಜಾರ್ಜಿಯಾ ತನ್ನ ಅಣೆಕಟ್ಟು ಸುರಕ್ಷತಾ ಕಾನೂನನ್ನು ತಂದಿತು. ಸಭೆಯಲ್ಲಿ ಇದನ್ನು ನಾನು ಹೇಳಿದಾಗ ಇಲ್ಲಿಯೇ ಹುಟ್ಟಿ ಬೆಳೆದ ನೆರೆಯ ಹಿರಿಯರೊಬ್ಬರು ಮಾತ್ರ ತಲೆದೂಗಿದರು. ಉಳಿದವರು ಆ ಹೆಸರನ್ನೇ ಕೇಳಿರಲಿಲ್ಲ.

ದರಪಟ್ಟಿ ಕೇಳಿದಾಗ ಒಂದು ದೊಡ್ಡ ಸಂಸ್ಥೆ, ಲೆಕ್ಕ ಮಾಡುವ ಮೊದಲೇ, ನಿಮ್ಮನ್ನು ಕೆಟಗರಿ 2ರಲ್ಲೇ ಉಳಿಸಿಕೊಡುತ್ತೇವೆ ಎಂದಿತು. ದರವೂ ಕಡಿಮೆ. ನಮ್ಮವರಲ್ಲಿ ಅನೇಕರಿಗೆ ಆ ಮಾತು ಹಿಡಿಸಿತು. ನಾನು ಆಯ್ಕೆ ಮಾಡಿದ ಸಣ್ಣ ಸಂಸ್ಥೆಯ ಹಿರಿಯ ಎಂಜಿನಿಯರ್ ಇದೇ ಪ್ರಶ್ನೆಗೆ ಕೊಟ್ಟ ಉತ್ತರ ಬೇರೆ: "ಕೆಳಗಿನ ಮನೆಗಳ ನೆಲಮಟ್ಟವನ್ನು ಅಳೆಯುವವರೆಗೆ ನಾನು ಏನನ್ನೂ ಹೇಳಲಾರೆ. ಅಳೆದ ಮೇಲೆ ಬಂದದ್ದನ್ನು ಹೇಳುತ್ತೇನೆ." ಆ ಒಂದು ಉತ್ತರಕ್ಕಾಗಿ ನಾನು ಸಭೆಯಲ್ಲಿ ವಾದಿಸಿದೆ. ದಾಖಲೆಯಲ್ಲಿ ಕೆಳಗಿನ ವರ್ಗ ಬರೆಸಿಕೊಂಡರೆ ನೀರು ಆ ದಾಖಲೆ ಓದಿ ಹರಿಯುವುದಿಲ್ಲ. ಹವಾಯಿಯ ಕವಾಯಿ ದ್ವೀಪದ ಕಾ ಲೋಕೊ ಎಂಬ ಖಾಸಗಿ ಮಣ್ಣಿನ ಕಟ್ಟೆ ಕಡತದಲ್ಲಿ ಕಡಿಮೆ ಅಪಾಯದ ವರ್ಗದಲ್ಲಿತ್ತು. 2006ರ ಮಾರ್ಚ್ 14ರಂದು ಅದು ಒಡೆದು ಏಳು ಜನ ಸತ್ತರು.

ತಪಾಸಣೆಯ ದಿನ ಎಂಜಿನಿಯರ್ ಏರಿಯ ಮೇಲೆ ಕಾಲಿಡಲೇ ಇಲ್ಲ, ಮೊದಲ ಅರ್ಧ ದಿನ. ಏರಿಯ ಬುಡದಿಂದ ತೊರೆಯ ಜೊತೆಗೇ ಕೆಳಕ್ಕೆ ನಡೆದರು. ಜೊತೆಯಲ್ಲಿ ನಾನು, ಸಂಘದ ಅಧ್ಯಕ್ಷರು, ಅಳತೆಯ ಉಪಕರಣ ಹೊತ್ತ ಒಬ್ಬ ಹುಡುಗ. ರಸ್ತೆಯ ಕೆಳಗಿನ ಮೋರಿಯ ಬಾಯಿ ಅಳೆದರು. ಪ್ರವಾಹದ ನೀರು ಆ ಮೋರಿಯಲ್ಲಿ ತೂರಲಾಗದೆ ರಸ್ತೆಯನ್ನೇ ಇನ್ನೊಂದು ಕಟ್ಟೆಯಾಗಿ ಮಾಡಿಕೊಂಡು ನಿಲ್ಲುತ್ತದೆ, ಆ ಮೇಲೆ ರಸ್ತೆಯನ್ನೂ ಒಯ್ಯಬಹುದು ಎಂದು ತೋರಿಸಿದರು. ಹೊಸ ಮನೆಗಳ ಬಾಗಿಲು ತಟ್ಟಿ, ಯಾರು, ಏಕೆ ಬಂದಿದ್ದೇವೆ ಎಂದು ಹೇಳಿ, ಒಪ್ಪಿಗೆ ಪಡೆದು ನೆಲದ ಮಟ್ಟ ಅಳೆದರು. ಒಂದು ಮನೆಯ ನೆಲಮಾಳಿಗೆಯಲ್ಲಿ ಇಬ್ಬರು ಮಕ್ಕಳ ಮಲಗುವ ಕೋಣೆಯಿತ್ತು. ಮೇಲೆ ಒಂದು ಕೆರೆ ಇದೆ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. ಮನೆ ಮಾರಿದವರು ಹೇಳಿರಲಿಲ್ಲ. ಅವರ ಅಡುಗೆಮನೆಯಲ್ಲಿ ನಿಂತು ಎಂಜಿನಿಯರ್ ಐದೇ ವಾಕ್ಯಗಳಲ್ಲಿ, ಹೆದರಿಸದೆ, ಮುಚ್ಚಿಡದೆ ಎಲ್ಲವನ್ನೂ ವಿವರಿಸಿದರು. ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದ ಭಾಗ ಅದು ಎಂದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಕುಳಿತು ಉಪಗ್ರಹದ ಚಿತ್ರ ನೋಡಿ ವರ್ಗೀಕರಣ ಮಾಡುವವರೂ ಇದ್ದಾರೆ. ಅವರಿಗೆ ಆ ಕೋಣೆ ಕಾಣುವುದೇ ಇಲ್ಲ.

ಮಧ್ಯಾಹ್ನ ಏರಿಗೆ ಬಂದರು. ಹೊರಮೈಯಲ್ಲಿ ಪೈನ್ ಮರಗಳು, ಕೆಲವು ಒಂದು ಅಡಿಗೂ ಹೆಚ್ಚು ದಪ್ಪ. ನಮ್ಮವರಿಗೆ ಅವು ನೆರಳು. ಏರಿಗೆ ಅವು ತೂತು. ಬೇರು ಬದುಕಿರುವಾಗ ಮಣ್ಣಿನೊಳಗೆ ದಾರಿ ಮಾಡುತ್ತದೆ, ಸತ್ತು ಕೊಳೆತಾಗ ಆ ದಾರಿ ಖಾಲಿಯಾಗಿ ನೀರಿಗೆ ಸಿಗುತ್ತದೆ, ಗಾಳಿಗೆ ಮರ ಬುಡಸಮೇತ ಉರುಳಿದರೆ ಏರಿಯ ಒಂದು ತುಂಡನ್ನೇ ಕಿತ್ತುಕೊಂಡು ಹೋಗುತ್ತದೆ. ಇದಕ್ಕಿಂತ ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೊರಮೈಯ ಒಂದು ಸಣ್ಣ ತಗ್ಗು, ಒಂದು ತಟ್ಟೆಯಷ್ಟು ಅಗಲ. ಹುಲ್ಲು ಕತ್ತರಿಸುವವರು ಅಲ್ಲಿ ಯಂತ್ರ ಕುಕ್ಕುತ್ತದೆ ಎಂದು ಹಿಂದೆಯೇ ಹೇಳಿದ್ದರು. ಅದು ಸರಿಯಾಗಿ ತೂಬಿನ ಕೊಳವೆಯ ಮೇಲಿತ್ತು. ಕೆರೆಯೊಳಗೆ ನಿಂತ ಗೋಪುರದಿಂದ ಏರಿಯ ಅಡಿಯಲ್ಲಿ ಹಾದು ಹೊರಬರುವ ಆ ಕೊಳವೆ ಸುಕ್ಕುಗಟ್ಟಿದ ಕಬ್ಬಿಣದ ತಗಡಿನದು. ತಗಡು ತುಕ್ಕು ಹಿಡಿದು ತೂತಾದರೆ ಸುತ್ತಲಿನ ಮಣ್ಣು ಒಳಕ್ಕೆ ಜಾರಿ ನೀರಿನೊಂದಿಗೆ ಹೋಗುತ್ತದೆ, ಮೇಲೆ ತಗ್ಗು ಬೀಳುತ್ತದೆ. ಕ್ಯಾಮೆರಾ ಇಳಿಸಿ ನೋಡಿದಾಗ ಕೊಳವೆಯ ತಳ ಎರಡು ಕಡೆ ತಿಂದುಹೋಗಿತ್ತು.

ಏರಿಯ ಬುಡದಲ್ಲಿ ಒಂದು ಒದ್ದೆ ಜಾಗವಿದೆ. ಬೇಸಿಗೆಯಲ್ಲೂ ಅಲ್ಲಿ ಹುಲ್ಲು ಹಸಿರು. ಅದರ ಚಿತ್ರವನ್ನು ಕೋಲಾರದಲ್ಲಿರುವ ನನ್ನ ಅಪ್ಪನಿಗೆ ಕಳಿಸಿದ್ದೆ. ಅವರು ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆಗಳ ಏರಿಗಳ ಮೇಲೆಯೇ ನಡೆದು ನಿವೃತ್ತರಾದವರು. ಫೋನ್ ಎತ್ತಿದವರೇ, "ಜಿನುಗುವ ನೀರು ತಿಳಿಯಾಗಿದೆಯೇನಮ್ಮ, ಮಣ್ಣು ಹೊತ್ತು ಬರುತ್ತಿದೆಯೇ?" ಎಂದರು. ಎಂಜಿನಿಯರ್ ಕೂಡ ಮೊದಲು ಮಾಡಿದ್ದು ಗಾಜಿನ ಲೋಟದಲ್ಲಿ ಆ ನೀರನ್ನು ಹಿಡಿದು ಬೆಳಕಿಗೆ ಎತ್ತಿದ್ದು. ತಿಳಿಯಾಗಿತ್ತು. ಮಣ್ಣಿನ ಏರಿ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಕೆರೆಯ ಮಟ್ಟ ಅಷ್ಟೇ ಇದ್ದು ಜಿನುಗು ಹೆಚ್ಚಿದರೆ, ಅಥವಾ ನೀರು ಕೆಂಪಾದರೆ, ಆಗ ಹಗಲು ರಾತ್ರಿ ನೋಡದೆ ಕರೆ ಮಾಡಿ ಎಂದರು. ಜಿನುಗನ್ನು ಒಂದೆಡೆ ಸೇರಿಸಿ ಒಂದು ಸಣ್ಣ ಕೊಳವೆಯಲ್ಲಿ ಬಕೆಟ್ಟಿಗೆ ಬೀಳುವಂತೆ ಮಾಡಿಕೊಟ್ಟರು. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು, ಆ ದಿನ ಕೆರೆಯ ಮಟ್ಟ ಎಷ್ಟಿತ್ತು ಎಂದು ನಾವೇ ಪ್ರತಿ ತಿಂಗಳು ಬರೆದಿಡುತ್ತೇವೆ. ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಇನ್ನೊಂದು ಉಪಕರಣ ನಮ್ಮ ಸಂಘದ ಬಳಿ ಇಲ್ಲ.

ಕೋಡಿಯ ಕತೆ ಕೇಳಿದರೆ ಕೆರೆಯ ಊರಿನಿಂದ ಬಂದವರಿಗೆ ಸಂಕಟವಾಗುತ್ತದೆ. ಏರಿಯ ಎಡ ತುದಿಯಲ್ಲಿ ಹುಲ್ಲು ಬೆಳೆಸಿದ ಅಗಲವಾದ ತಗ್ಗು ದಾರಿಯೇ ನಮ್ಮ ಕೋಡಿ. ದೊಡ್ಡ ಮಳೆಯಲ್ಲಿ ಮಾತ್ರ ಅದರ ಮೇಲೆ ನೀರು ಹರಿಯಬೇಕು. ಅಲ್ಲಿ ಅಡ್ಡಲಾಗಿ ಮರದ ಬೇಲಿ, ಅದರ ಹಿಂದೆ ಮಕ್ಕಳ ಉಯ್ಯಾಲೆ ಮತ್ತು ಜಾರುಬಂಡಿ. ಹಾಕಿದವರಿಗೆ ಅದು ಬರೀ ಹುಲ್ಲಿನ ಬಯಲಾಗಿ ಕಂಡಿತ್ತು. ಕೋಡಿ ಕಟ್ಟಿಕೊಂಡರೆ ನೀರು ಏರಿಯ ನೆತ್ತಿ ಹತ್ತುತ್ತದೆ, ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಿತೆಂದರೆ ಆಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. 1889ರಲ್ಲಿ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆ, ಅದೂ ಶ್ರೀಮಂತರ ಖಾಸಗಿ ಕ್ಲಬ್ಬಿನದು, ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿಕೊಂಡಿತ್ತು, ನೆತ್ತಿಯನ್ನು ತಗ್ಗಿಸಿಕೊಂಡಿತ್ತು. ಅದು ಒಡೆದಾಗ ಕೆಳಗಿನ ಜಾನ್ಸ್‌ಟೌನ್ ಮತ್ತು ಸುತ್ತಲ ಊರುಗಳಲ್ಲಿ 2,209 ಜನ ಸತ್ತರು. ನಮ್ಮ ಎಂಜಿನಿಯರ್ ಬೇಲಿಯ ಚಿತ್ರ ತೆಗೆದು, ಮನೆಯವರನ್ನು ಕರೆದು ಮಾತಾಡಿ, ವರದಿಗಾಗಿ ಕಾಯದೆ ಅದೇ ವಾರ ತೆಗೆಸಿ ಎಂದು ನಮಗೆ ಲಿಖಿತವಾಗಿ ಕೊಟ್ಟರು. ತೆಗೆಸಿದೆವು.

ಒಡೆಯುವಿಕೆಯ ಲೆಕ್ಕವನ್ನು ಅವರು ಸೈನ್ಯದ ಎಂಜಿನಿಯರ್ ದಳದ ಎಚ್‌ಇಸಿ-ರಾಸ್ ತಂತ್ರಾಂಶದಲ್ಲಿ ಮಾಡಿದರು. ಒಂದು ನಕ್ಷೆ ಬಂತು: ನೀರು ಎಲ್ಲಿಯವರೆಗೆ ಹರಡುತ್ತದೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಆಳ. ಹೊಸ ಸಾಲಿನ ಮನೆಗಳಲ್ಲಿ ಕೆಲವು ಅದರೊಳಗೆ ಸ್ಪಷ್ಟವಾಗಿ ಬಿದ್ದವು. ಹಾಗಾಗಿ ಕೆಟಗರಿ 1. ನಮ್ಮ ಎತ್ತರದ ಕಟ್ಟೆಗೆ ಆ ವರ್ಗದಲ್ಲಿ, ಈ ಪ್ರದೇಶದಲ್ಲಿ ಸುರಿಯಲು ಸಾಧ್ಯವೆಂದು ಲೆಕ್ಕ ಹಾಕಿದ ಗರಿಷ್ಠ ಮಳೆಯ ಮೂರನೇ ಒಂದು ಭಾಗವನ್ನು ನೆತ್ತಿ ಹತ್ತದಂತೆ ಸಾಗಿಸುವ ಸಾಮರ್ಥ್ಯ ಬೇಕು. ಬೇಲಿ ತೆಗೆದ ಕೋಡಿ ಅದನ್ನು ಸ್ವಲ್ಪದರಲ್ಲಿ ನಿಭಾಯಿಸುತ್ತದೆ ಎಂದು ಲೆಕ್ಕ ಹೇಳಿತು. ಇದೊಂದು ಸಮಾಧಾನ. 1994ರ ಜುಲೈಯಲ್ಲಿ ಆಲ್ಬರ್ಟೊ ಚಂಡಮಾರುತದ ಮಳೆಗೆ ಜಾರ್ಜಿಯಾದಲ್ಲಿ 200ಕ್ಕೂ ಹೆಚ್ಚು ಸಣ್ಣಪುಟ್ಟ ಕಟ್ಟೆಗಳು ಒಡೆದಿದ್ದವು, ಇಲ್ಲಿನ ಮಳೆಯನ್ನು ಹಗುರವಾಗಿ ನೋಡುವಂತಿಲ್ಲ.

ಇನ್ನು ದೂರುಗಳು. ವರದಿ ಹೇಳಿದ ಗಡುವಿಗೆ ಎರಡರಷ್ಟು ಸಮಯ ತೆಗೆದುಕೊಂಡಿತು, ಅದೂ ವಸಂತದ ಬಿರುಮಳೆಯ ತಿಂಗಳುಗಳಲ್ಲಿ. ಇಬ್ಬರೇ ಇರುವ ಸಂಸ್ಥೆಯ ಕಷ್ಟ ಅರ್ಥವಾಗುತ್ತದೆ, ಆದರೆ ಗಡುವು ತಪ್ಪುತ್ತದೆ ಎಂದು ಮೊದಲೇ ಹೇಳುವುದಕ್ಕೆ ಇಬ್ಬರೂ ಬೇಕಿಲ್ಲ. ಕೊಳವೆಯೊಳಗಿನ ಕ್ಯಾಮೆರಾಕ್ಕೆ ಬೇರೆ ಶುಲ್ಕ ಎಂಬುದು ಕರಾರಿನಲ್ಲಿರಲಿಲ್ಲ. ಬಿಲ್ ಬಂದ ಮೇಲೆ ಗೊತ್ತಾಯಿತು. ಹೋರಾಡಿ ಅರ್ಧ ಮನ್ನಾ ಮಾಡಿಸಿದೆ. ವರದಿಯಂತೂ ರಾಜ್ಯದ ಅಧಿಕಾರಿಗಳಿಗಾಗಿ ಬರೆದದ್ದು, ಹಣ ಕೊಟ್ಟವರಿಗಾಗಿ ಅಲ್ಲ. ತುಕ್ಕು ಹಿಡಿದ ಕೊಳವೆಯ ವಿಷಯ, ಅಂದರೆ ಇಡೀ ತಪಾಸಣೆಯ ಅತಿ ಮುಖ್ಯ ಸಂಗತಿ, ಮಣ್ಣಿನ ಗುಣದ ಕೋಷ್ಟಕಗಳು ಮುಗಿದ ಮೇಲೆ ಎಲ್ಲೋ ನಡುವೆ ಅಡಗಿತ್ತು. ಚಿತ್ರಗಳಲ್ಲಿ ಯಾವುದನ್ನು ಎಲ್ಲಿ ನಿಂತು ತೆಗೆದದ್ದು ಎಂಬ ಗುರುತಿರಲಿಲ್ಲ. ನಾನು ಒತ್ತಾಯಿಸಿ ಒಂದು ಪುಟದ ಸಾರಾಂಶ ಬರೆಸಿಕೊಂಡೆ: ಈಗಲೇ ಮಾಡಬೇಕಾದ್ದು, ಒಂದು ವರ್ಷದೊಳಗೆ ಮಾಡಬೇಕಾದ್ದು, ಗಮನಿಸುತ್ತಿರಬೇಕಾದ್ದು. ಅದು ಬಂದ ಮೇಲೆ ಸಭೆಯಲ್ಲಿ ಮಾತು ಸರಿದಾರಿಗೆ ಬಂತು. ಈ ಪುಟವನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ದರ: ಕಣ್ಣಳತೆಯ ತಪಾಸಣೆ ಮತ್ತು ವರದಿಗೆ ನಾಲ್ಕು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ, ಒಡೆಯುವಿಕೆಯ ಲೆಕ್ಕ ಮತ್ತು ನಕ್ಷೆಗೆ ಅದರ ಎರಡೂವರೆ ಪಟ್ಟು. ತುರ್ತು ಕಾರ್ಯಯೋಜನೆ ಅದರಲ್ಲೇ ಸೇರಿತ್ತು. ಯಾರು ಯಾರಿಗೆ ಕರೆ ಮಾಡಬೇಕು, ಯಾವ ಮನೆಗಳನ್ನು ಮೊದಲು ತೆರವು ಮಾಡಬೇಕು, ಯಾವ ರಸ್ತೆಯನ್ನು ಮುಚ್ಚಬೇಕು ಎಂಬ ಆ ಕಡತ ಚೆನ್ನಾಗಿದೆ. ಫೋನ್ ಸಂಖ್ಯೆಗಳನ್ನು ಪ್ರತಿ ವರ್ಷ ತಿದ್ದುವ ಹೊಣೆ ನಮ್ಮದು. ಒಂದು ರಾತ್ರಿ ಜೋರು ಮಳೆಯಲ್ಲಿ ಕೆರೆ ಕೋಡಿಯ ಅಂಚಿಗೆ ಬಂದಾಗ ನಾನು ಕರೆ ಮಾಡಿದೆ. ಹಿರಿಯ ಎಂಜಿನಿಯರ್ ತಾವೇ ಎತ್ತಿದರು. ದಂಡೆಯಲ್ಲಿ ಗೂಟ ನೆಟ್ಟು ಅರ್ಧ ಗಂಟೆಗೊಮ್ಮೆ ಮಟ್ಟ ಹೇಳಲು ತಿಳಿಸಿ, ನೀರು ಇಳಿಯುವವರೆಗೆ ಎಚ್ಚರವಾಗಿದ್ದರು. ಅದಕ್ಕೆ ಬಿಲ್ ಬರಲಿಲ್ಲ. ಕಳೆದುಕೊಂಡ ಅಂಕಗಳಲ್ಲಿ ಒಂದನ್ನು ಅವರು ಆ ರಾತ್ರಿ ವಾಪಸು ಗಳಿಸಿದರು.

ಸಭೆಯಲ್ಲಿ ಇನ್ನೂ ಆರದ ಸಿಟ್ಟು ಒಂದಿದೆ: ಏರಿ ಮೊದಲಿತ್ತು, ಮನೆಗಳು ಆಮೇಲೆ ಬಂದವು, ಖರ್ಚು ನಮಗೇಕೆ? ಈ ಸಿಟ್ಟು ನ್ಯಾಯವಾದದ್ದೇ. ಮನೆ ಕಟ್ಟಲು ಅನುಮತಿ ಕೊಡುವ ಮುನ್ನ ಮೇಲಿರುವ ಕಟ್ಟೆಯ ಪ್ರವಾಹದ ದಾರಿಯನ್ನು ನೋಡುವ ಹೊಣೆ ಅನುಮತಿ ಕೊಡುವವರದು, ಅದನ್ನು ನಾವು ಕೇಳುತ್ತಲೇ ಇರಬೇಕು. ಆದರೆ ಕಾನೂನಿನ ಪ್ರಕಾರ ಏರಿ ಯಾರದ್ದೋ ಹೊಣೆಯೂ ಅವರದ್ದೇ, ಮತ್ತು ಆ ನೆಲಮಾಳಿಗೆಯಲ್ಲಿ ಮಲಗುವ ಮಕ್ಕಳು ಯಾರ ಅನುಮತಿಯನ್ನೂ ಕೊಟ್ಟವರಲ್ಲ. ನಕ್ಷೆಯ ಪ್ರತಿಯನ್ನು ಕೆಳಗಿನ ಪ್ರತಿ ಮನೆಗೂ ತಲುಪಿಸಬೇಕೆಂದು ನಾನು ಸೂಚಿಸಿದಾಗ, ಮೊಕದ್ದಮೆ ಹಾಕುತ್ತಾರೆ ಎಂದು ಹೆದರಿದವರಿದ್ದರು. ಕೊನೆಗೆ ಬಹುಮತ ಬಂತು, ತಲುಪಿಸಿದೆವು.

ಕೆರೆ ದಂಡೆಯ ಮನೆ ನೋಡುತ್ತಿರುವವರೇ, ಸಹಿ ಹಾಕುವ ಮುನ್ನ ಸೈನ್ಯದ ಎಂಜಿನಿಯರ್ ದಳ ನಡೆಸುವ ರಾಷ್ಟ್ರೀಯ ಅಣೆಕಟ್ಟು ಪಟ್ಟಿಯನ್ನು ಜಾಲದಲ್ಲಿ ತೆರೆದು ನೋಡಿ. 90 ಸಾವಿರಕ್ಕೂ ಹೆಚ್ಚು ಕಟ್ಟೆಗಳು ಅದರಲ್ಲಿವೆ, ಅರ್ಧಕ್ಕಿಂತ ಹೆಚ್ಚು ಖಾಸಗಿಯವು. ನಿಮ್ಮದು ಸಿಕ್ಕರೆ ಅಪಾಯದ ವರ್ಗ ಅಲ್ಲಿಯೇ ಬರೆದಿರುತ್ತದೆ. ಆಮೇಲೆ ಸಂಘದವರ ಬಳಿ ಕೊನೆಯ ತಪಾಸಣಾ ವರದಿ, ಏರಿಗಾಗಿ ತೆಗೆದಿಟ್ಟ ನಿಧಿ, ವಿಮೆಯಲ್ಲಿ ಕಟ್ಟೆ ಸೇರಿದೆಯೇ ಎಂಬ ಮೂರನ್ನು ಲಿಖಿತವಾಗಿ ಕೇಳಿ. ತಡವರಿಸಿದರೆ ಅದೇ ಉತ್ತರ.

ನಮ್ಮಲ್ಲಿ ಈಗ ಕೊಳವೆಯೊಳಗೆ ಹೊಸ ಕೊಳವೆ ತೂರಿಸುವ ಕೆಲಸಕ್ಕೆ ದರಪಟ್ಟಿ ಕೇಳಿದ್ದೇವೆ. ಪ್ರತಿ ಮನೆಗೂ ಸಾವಿರಾರು ಡಾಲರ್ ಬೀಳುತ್ತದೆ. ಪೈನ್ ಮರಗಳನ್ನು ಚಳಿಗಾಲದಲ್ಲಿ ಕೆರೆಯ ಮಟ್ಟ ಇಳಿಸಿ ತೆಗೆಸುತ್ತೇವೆ. ದಪ್ಪ ಬೇರುಗಳನ್ನು ಅಗೆದು ತೆಗೆದು, ಗುಂಡಿಗೆ ಜೇಡಿಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ತುಂಬಬೇಕು, ಅದನ್ನು ಎಂಜಿನಿಯರ್ ಎದುರು ನಿಂತು ಮಾಡಿಸಬೇಕು. ನಿಂತು ಮಾಡಿಸುವುದಕ್ಕೆ ಅವರು ದಿನಕ್ಕೆ ಇಷ್ಟು ಎಂದು ಬೇರೆ ಶುಲ್ಕ ಕೇಳಿದ್ದಾರೆ, ಈ ಬಾರಿ ಮೊದಲೇ, ಬರಹದಲ್ಲಿ. ಆ ಶುಲ್ಕಕ್ಕೆ ನಾನು ಒಪ್ಪಿಗೆಯ ಮತ ಹಾಕಿದ್ದೇನೆ.